ಬೆಂಕಿಕಡ್ಡಿಯಷ್ಟು ಎಡಕ್ಕೆ

"ಜಯಕುಮಾರ, ಒಸಿ ಬಾ ಇಲ್ಲಿ. ಚನ್ನಪಟ್ಟಣದಿಂದ ಒಬ್ರು ಬಂದವ್ರೆ, ಏನೇನ್ ಬೇಕು ತೋರ್ಸು."

ಗಾಲ್ಫ್ ಕ್ಲಬ್ಬಿನ ಕ್ಯಾಡಿಗಳ ಮೇಲ್ವಿಚಾರಕ ನಂಜುಂಡಯ್ಯ ಹೀಗೆ ಕೂಗಿದ್ದೇ ತಡ, ಭಾನುಪ್ರಿಯ ಥಟ್ಟನೆ ಅತ್ತ ತಿರುಗಿದಳು.

ಜಯಕುಮಾರ... ಕಲ್ಯದವನೇ ಇರಬಹುದಾ?

ಹುಲ್ಲುಹಾಸಿನ ಆ ತುದಿಯಿಂದ ಒಬ್ಬ ಯುವಕ ನಡೆದು ಬಂದ. ವಯಸ್ಸು ಇಪ್ಪತ್ತೈದರ ಆಸುಪಾಸು. ಬಿಸಿಲಿಗೆ ಕಂದಿದ ಮುಖ, ಮಾಸಿದ ಟೋಪಿ, ಕೈಯಲ್ಲಿ ಗಾಲ್ಫ್ ಕೋಲು. ಹತ್ತಿರ ಬಂದವನು ಟೋಪಿ ತೆಗೆದು ಕೈ ಮುಗಿದು ನಕ್ಕ. ಕಪಟವೇ ಇಲ್ಲದ ನಗು. ಅದನ್ನು ಕಂಡು ಅವಳಿಗೆ ಇನ್ನಷ್ಟು ಉರಿಯಿತು.

ಯಾವೂರು ಎಂದು ಕೇಳಿದಳು.

"ಕಲ್ಯ ಕಣ್ರೀ. ಮಾಗಡಿ ಹತ್ರ."

ಅವನೇ!

ಭಾನುಪ್ರಿಯಳೂ ನಕ್ಕಳು. ಈ ಮನುಷ್ಯ ಎದುರಿಗೆ ಸಿಕ್ಕರೆ ಕೆನ್ನೆಗೆ ಬಾರಿಸಬೇಕು ಎಂದು ಒಂದು ವರ್ಷದಿಂದ ಕಾದಿದ್ದವಳು, ಸಿಕ್ಕ ದಿನ ನಕ್ಕಳು. ಆ ನಗುವಿನ ಹಿಂದೆ ಏನಿದೆ ಎಂದು ಅವಳಿಗೂ ಆಗ ಪೂರ್ತಿ ಗೊತ್ತಿರಲಿಲ್ಲ.

ಅವಳ ಅಣ್ಣ ಅನಂತರಾಜು ಹಿಂದಿನ ವರ್ಷದವರೆಗೆ, ಅಂದರೆ ಎರಡು ಸಾವಿರದ ಐದರ ಜನವರಿಯವರೆಗೆ, ಇದೇ ಶಿಲಾವನ ಗಾಲ್ಫ್ ಕ್ಲಬ್ಬಿನಲ್ಲಿ ಕ್ಯಾಡಿಯಾಗಿದ್ದ. ಬಿಡದಿಯ ಸುತ್ತ ಕಾರ್ಖಾನೆಗಳು ಎದ್ದ ಮೇಲೆ ಅಲ್ಲಿನ ಅಧಿಕಾರಿಗಳ ಆಟಕ್ಕೆಂದು ರಾಮನಗರದ ಬಂಡೆಗಳ ಹಿಂದೆ ಹುಟ್ಟಿದ ಕ್ಲಬ್ಬು ಅದು. ಆಟಗಾರರ ಚೀಲ ಹೊತ್ತು ಜೊತೆಗೆ ನಡೆಯುವುದು, ಚೆಂಡು ಬಿದ್ದ ಕಡೆ ಹುಡುಕುವುದು ಕ್ಯಾಡಿಗಳ ಕೆಲಸ. ಒಂದು ದಿನ ಸದಸ್ಯರೊಬ್ಬರ ಕೈಗಡಿಯಾರ ಕಾಣೆಯಾಯಿತು. ಮೂರನೇ ದಿನ ಅನಂತರಾಜು ಕೆಲಸ ಕಳೆದುಕೊಂಡು ಮನೆಗೆ ಬಂದ. ಅವನ ಕೈಯಲ್ಲಿ ಒಂದು ಪತ್ರವಿತ್ತು. ಕಲ್ಯದ ಜಯಕುಮಾರ್ ಎಂಬ ಕ್ಯಾಡಿ ಕಣ್ಣಾರೆ ಕಂಡಿರುವುದಾಗಿ ತಿಳಿಸಿರುವುದರಿಂದ ನಿಮ್ಮನ್ನು ಕೆಲಸದಿಂದ ತೆಗೆದುಹಾಕಲಾಗಿದೆ ಎಂದು ಅದರಲ್ಲಿ ಬರೆದಿತ್ತು.

ತಾನು ಕದ್ದಿಲ್ಲ ಎಂದ ಅಣ್ಣ. ಅವ್ವ ವೆಂಕಟಲಕ್ಷ್ಮಮ್ಮ ನಂಬಿದಳು. ಭಾನುವೂ ನಂಬಿದಳು. ಬೀದಿಯ ಜನ ಮಾತ್ರ ನಂಬಲಿಲ್ಲ. ಕಳ್ಳ ಅನ್ನಿಸಿಕೊಂಡು ಚನ್ನಪಟ್ಟಣದಲ್ಲಿ ಇರಲಾರದೆ ಅವನು ಕನಕಪುರದ ಕಡೆಯ ಕಲ್ಲುಗಣಿಗೆ ಕೂಲಿಗೆ ಹೋದ. ನಾಲ್ಕನೇ ತಿಂಗಳು ಕಲ್ಲಿನ ದಿಮ್ಮಿ ಜಾರಿ ಬಲಗೈಯ ಮೂರು ಬೆರಳು ಹೋದವು.

ಬಟ್ಟೆ ಸುತ್ತಿದ ಆ ಕೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಆಸ್ಪತ್ರೆಯಲ್ಲಿ ಕುಳಿತ ದಿನ ಭಾನು ಮನಸ್ಸಿನಲ್ಲೇ ಒಂದು ಮಾತು ಕೊಟ್ಟಳು.

ನಿನ್ನ ಕೈ ಹಾಳು ಮಾಡಿದವನ ಕೈಯನ್ನೂ ನಾನು ಸುಮ್ಮನೆ ಬಿಡುವುದಿಲ್ಲ ಅಣ್ಣ...

ಈಗ ಆ ಕೈ ಅವಳ ಮುಂದೆಯೇ ಇತ್ತು.

ಅವಳು ಕ್ಲಬ್ಬಿಗೆ ಬಂದದ್ದು ಬೇರೆಯೇ ಕೆಲಸಕ್ಕೆ. ಚನ್ನಪಟ್ಟಣದಲ್ಲಿ ಹಾಜಿರಾ ಎಂಬ ಹಿರಿಯ ಹೆಂಗಸಿನ ಗೊಂಬೆ ಕಾರ್ಖಾನೆಯಲ್ಲಿ ಅವಳಿಗೆ ಆರು ವರ್ಷದಿಂದ ಕೆಲಸ. ಲೇತಿನ ಮುಂದೆ ಕುಳಿತು ಮರ ಕಡೆದು, ಬಣ್ಣದ ಅರಗು ಹಿಡಿದು, ತಾಳೆಗರಿಯಿಂದ ಹೊಳಪು ಕೊಡುವುದರಲ್ಲಿ ಅವಳನ್ನು ಮೀರಿಸುವವರು ಅಲ್ಲಿ ಯಾರೂ ಇರಲಿಲ್ಲ. ಬಿಡದಿಯ ಒಂದು ಕಾರ್ಖಾನೆ ತನ್ನ ಗಾಲ್ಫ್ ಪಂದ್ಯಕ್ಕೆ ಬರುವ ಅರವತ್ತು ಅತಿಥಿಗಳಿಗೆ ಉಡುಗೊರೆ ಹುಡುಕುತ್ತಿತ್ತು. ದುಬಾರಿಯಾಗಬಾರದು, ಶೋಕೇಸಿನಲ್ಲಿ ಕೂರುವ ವಸ್ತುವಾಗಬಾರದು, ಆಟಗಾರ ಮನೆಯಲ್ಲಿ ಅಭ್ಯಾಸ ಮಾಡಿ ಸುಧಾರಿಸುವಂತಿರಬೇಕು, ಜೊತೆಗೆ ಚನ್ನಪಟ್ಟಣದ ಬಣ್ಣವೂ ಇರಬೇಕು. ಗಾಲ್ಫ್ ಎಂದರೇನೆಂದೇ ಗೊತ್ತಿಲ್ಲದ ಹಾಜಿರಾ, ಪಿಯುಸಿ ಓದಿದ ಭಾನುವನ್ನು ನೋಡಿ ತಿಳಿದುಕೊಂಡು ಬಾ ಎಂದು ಕಳಿಸಿದ್ದಳು.

ಜಯಕುಮಾರ ತೋರಿಸತೊಡಗಿದ. ಸದಸ್ಯರಿಗೆ ರಜೆ ಇರುವ ಸೋಮವಾರ ಕ್ಯಾಡಿಗಳಿಗೆ ಆಡಲು ಬಿಡುತ್ತಿದ್ದರಂತೆ. ಉಳಿದ ದಿನ ಮನೆಯಲ್ಲೇ ಅಭ್ಯಾಸ. ಅವನ ಹತ್ತಿರ ಕೊಂಡ ಸಾಮಾನು ಒಂದೂ ಇರಲಿಲ್ಲ. ತೋಳು ಮೈಯಿಂದ ದೂರ ಹೋಗದಿರಲೆಂದು ಕಂಕುಳಲ್ಲಿ ಟವೆಲ್ ಇಟ್ಟುಕೊಂಡು ಕೋಲು ಬೀಸುತ್ತಿದ್ದ. ಹಳೆ ಬಟ್ಟೆ ತುರುಕಿದ ಗೋಣಿಚೀಲಕ್ಕೆ ಹೊಡೆದು ಏಟಿನ ಬಿಗಿ ನೋಡಿಕೊಳ್ಳುತ್ತಿದ್ದ. ಗಾರೆ ಕೆಲಸದವರ ಸುಣ್ಣದ ದಾರ ಎಳೆದು ನೆಲದ ಮೇಲೆ ಗೆರೆ ಬಿಡಿಸಿ, ಅದರ ಮೇಲೆ ಚೆಂಡು ಉರುಳಿಸುತ್ತಿದ್ದ.

"ಅಂಗಡೀಲಿ ಸಾವಿರಗಟ್ಲೆ ಕೊಟ್ಟು ತತ್ತಾರೆ, ಮೂಲೇಲಿ ಬಿಸಾಕ್ತಾರೆ. ದಿನಾ ಕೈಗೆ ಸಿಗೋ ಅಂಥದ್ದು ಕೊಡಿ. ಚಿಕ್ಕದಾದ್ರೂ ಸರಿ. ಚೆಂಡು ಹಾಕೋ ಕುಳಿ ಹತ್ರ ಬಂದಾಗ ಹೊಡೆಯೋ ಮೆತ್ತನೆ ಏಟಿಗೆ ಸಹಾಯ ಆಗ್ಬೇಕು. ಅಲ್ಲೇ ಎಲ್ರೂ ಸೋಲೋದು."

ಚೆಂಡು ಅತ್ತಿತ್ತ ಹೋಗದಂತೆ ಅದನ್ನು ಒಂದು ಓಣಿಯೊಳಗೆ ಉರುಳಿಸಿದರೆ ಹೇಗೆ ಎಂದು ಭಾನು ಕೇಳಿದಳು. ಉದ್ದ ಹಲಗೆ, ಅದರ ಮೇಲೆ ಅಕ್ಕಪಕ್ಕ ಎರಡು ಬಣ್ಣದ ಕೋಲು, ನಡುವೆ ಚೆಂಡು ಹೋಗುವಷ್ಟೇ ಜಾಗ. ಅವನ ಕಣ್ಣು ಅರಳಿತು.

"ಭಾರಿ ಚೆನ್ನಾಗಿರ್ತದೆ. ಆದ್ರೆ ಒಂದು... ನೇರ ಇರ್ಬೇಕು ನೋಡಿ. ಕೈಗೆ ಒಂದ್ಸಲ ಅಭ್ಯಾಸ ಆಗ್ಬುಟ್ರೆ ಮುಗೀತು. ಸರಿಯೋ ತಪ್ಪೋ, ಅದು ಅದನ್ನೇ ಮಾಡ್ತದೆ. ತಲೆ ಬೇಡ ಅಂದ್ರೂ ಕೇಳಾಕಿಲ್ಲ."

ಆ ಕ್ಷಣ ಅವಳಿಗೆ ದಾರಿ ಸಿಕ್ಕಿತು. ತನ್ನ ಸೇಡನ್ನು ಹೇಗೆ ಕಡೆಯಬೇಕೆಂದು ಅವನೇ ಹೇಳಿಕೊಟ್ಟಿದ್ದ.

ಆಮೇಲಿನ ಎರಡು ತಿಂಗಳು ಭಾನು ನಾಲ್ಕೈದು ಸಲ ಕ್ಲಬ್ಬಿಗೆ ಹೋದಳು. ಅಳತೆಗೆ, ಮಾದರಿ ತೋರಿಸುವುದಕ್ಕೆ, ಬಣ್ಣ ಕೇಳುವುದಕ್ಕೆ ಎಂದು ಒಂದೊಂದು ನೆಪ. ಅವನ ಜೊತೆ ಮಾತಿಗೆ ನಿಲ್ಲುತ್ತಿದ್ದಳು, ಅವನ ಮಾತಿಗೆ ನಗುತ್ತಿದ್ದಳು. ಆಗಸ್ಟಿನಲ್ಲಿ ವೃತ್ತಿ ಆಟಗಾರರ ಅರ್ಹತಾ ಪಂದ್ಯ ಇದೆಯೆಂದೂ, ಕ್ಲಬ್ಬು ಇಬ್ಬರು ಕ್ಯಾಡಿಗಳನ್ನು ಕಳಿಸುತ್ತದೆಂದೂ, ಅದಕ್ಕೆ ಮೇ ತಿಂಗಳಲ್ಲಿ ಆಯ್ಕೆ ನಡೆಯುತ್ತದೆಂದೂ ತಿಳಿದುಕೊಂಡಳು. ಹೋದ ವರ್ಷ ಯಾಕೆ ಹೋಗಲಿಲ್ಲ ಎಂದು ಕೇಳಿದಾಗ ಅವನು ಟೋಪಿ ಸರಿಮಾಡಿಕೊಂಡು, ಆಗಲಿಲ್ಲ ಎಂದಷ್ಟೇ ಹೇಳಿದ.

ಮಾರ್ಚಿನಲ್ಲಿ ಒಮ್ಮೆ ಅವನು ತಮ್ಮ ಹೊಲದ ಬದುವಿನ ಮರದಿಂದ ತೋತಾಪುರಿ ಮಾವಿನಕಾಯಿ ತಂದು, ಪೇಪರಿನಲ್ಲಿ ಸುತ್ತಿ ಅವಳ ಕೈಗಿಟ್ಟ. ಬಸ್ಸು ಹತ್ತಿದ ಮೇಲೆ ಅವಳು ಅದನ್ನು ಕಿಟಕಿಯಿಂದ ಆಚೆ ಎಸೆದಳು. ಮುಂದಿನ ಸಲ ಮತ್ತೆ ತಂದ. ಆ ಸಲ ಎಸೆಯಲು ಕೈ ಬರಲಿಲ್ಲ. ಮನೆಯಲ್ಲಿ ಉಪ್ಪುಕಾರ ಹಚ್ಚಿಕೊಂಡು ತಿಂದಳು. ತಿಂದು ಮುಗಿಸಿದ ಮೇಲೆ ತನ್ನ ಮೇಲೇ ಹೇಸಿಗೆಯಾಯಿತು.

ಇವನು ನನ್ನ ಅಣ್ಣನ ಬೆರಳು ಕಿತ್ತವನು... ಇವನ ಮಾವಿನಕಾಯಿ ರುಚಿ ಹತ್ತಿತಾ ನಿನಗೆ?

ಮುಂದಿನ ಶುಕ್ರವಾರ, ಹಾಜಿರಾ ಮಧ್ಯಾಹ್ನದ ನಮಾಜಿಗೆಂದು ಒಳಗೆ ಹೋದಾಗ, ಭಾನು ಅವನಿಗೆಂದೇ ಒಂದು ಓಣಿಗೆ ಕೈಹಾಕಿ ಸಂಜೆಗೆ ಮುಗಿಸಿದಳು. ಮೂರು ಅಡಿ ಹಲಗೆ. ಒಂದು ಕೋಲಿಗೆ ಕುಂಕುಮದ ಕೆಂಪು, ಇನ್ನೊಂದಕ್ಕೆ ಅರಿಶಿನದ ಹಳದಿ. ಅರವತ್ತರಲ್ಲಿ ಒಂದಕ್ಕೂ ಅಷ್ಟು ಹೊಳಪು ಬಂದಿರಲಿಲ್ಲ. ಆದರೆ ಕೋಲುಗಳನ್ನು ಕೂರಿಸುವಾಗ ಚೆಂಡು ಹೊರಬೀಳುವ ತುದಿಯಲ್ಲಿ ಎರಡನ್ನೂ ಎಡಕ್ಕೆ ಸರಿಸಿದಳು. ಒಂದು ಬೆಂಕಿಕಡ್ಡಿಯ ದಪ್ಪದಷ್ಟು, ಅಷ್ಟೇ. ಕಣ್ಣಿಗೆ ಕಾಣದು. ಆದರೆ ದಿನಾ ಅದರ ಮುಂದೆ ನಿಂತರೆ ಕೈಗೆ ಅದೇ ನೇರ ಎನ್ನಿಸುತ್ತದೆ.

ಅವನ ಮನೆಯ ಹಿತ್ತಲಿನಲ್ಲಿ ಕುಳಿ ಇಲ್ಲ, ಬರೀ ಸಿಮೆಂಟು ನೆಲ ಎಂದು ಅವಳು ಮೊದಲೇ ಕೇಳಿ ತಿಳಿದಿದ್ದಳು. ಚೆಂಡು ಎಲ್ಲಿ ಹೋಗಿ ಸೇರಿತು ಎಂದು ಅವನಿಗೆ ಗೊತ್ತಾಗುವ ಹಾಗೇ ಇರಲಿಲ್ಲ.

ಉಡುಗೊರೆ ಕೈಗೆ ಬಂದಾಗ ಅವನು ಅದನ್ನು ಎತ್ತಿ ತಿರುಗಿಸಿ ನೋಡಿದ. ಕೆಂಪು ಕೋಲಿನ ಮೇಲೆ ಹೆಬ್ಬೆರಳು ಆಡಿಸಿದ.

"ನನಗೆ ಅಂತ ಯಾರೂ ಏನೂ ಮಾಡಿಕೊಟ್ಟಿರ್ಲಿಲ್ಲ ಕಣ್ರೀ..."

ಭಾನು ಬೆರಳಿಲ್ಲದ ಅಣ್ಣನ ಕೈಯನ್ನು ಬಲವಂತವಾಗಿ ನೆನಪಿಗೆ ತಂದುಕೊಂಡಳು. ಚೆನ್ನಾಗಿ ಅಭ್ಯಾಸ ಮಾಡಿ ಎಂದು ಹೇಳಿ ಹಿಂತಿರುಗಿ ನೋಡದೆ ಬಂದಳು.

ಮೇ ತಿಂಗಳ ಮೂರನೇ ಸೋಮವಾರ ಆಯ್ಕೆ ನಡೆಯಿತು. ಒಂಬತ್ತು ಕ್ಯಾಡಿಗಳು, ಎರಡು ಸ್ಥಾನ. ಕಡಿಮೆ ಏಟಿನಲ್ಲಿ ಎಲ್ಲ ಕುಳಿಗೂ ಚೆಂಡು ಹಾಕಿದವರಿಗೆ ಗೆಲುವು. ಉಡುಗೊರೆಗಳ ಕೊನೆಯ ಪೆಟ್ಟಿಗೆ ತಲುಪಿಸುವ ನೆಪದಲ್ಲಿ ಭಾನು ಹೋಗಿ ಬೇಲಿಯ ಬಳಿ ನಿಂತಳು. ದೂರದ ಏಟುಗಳಲ್ಲಿ ಅವನನ್ನು ಹಿಡಿಯುವವರೇ ಇರಲಿಲ್ಲ. ಕುಳಿಯ ಹತ್ತಿರ ಬಂದಾಗ ಮಾತ್ರ ಏನೋ ಆಗುತ್ತಿತ್ತು. ಮೂರಡಿ, ನಾಲ್ಕಡಿ ದೂರದಿಂದ ಕಣ್ಣುಮುಚ್ಚಿ ಹಾಕಬೇಕಾದ ಚೆಂಡು ಕುಳಿಯ ಎಡ ಅಂಚಿಗೆ ತಾಗಿ ಆಚೆ ಉರುಳುತ್ತಿತ್ತು. ಒಂದಲ್ಲ, ನಾಲ್ಕು ಸಲ. ನಾಲ್ಕನೆಯದು ತಪ್ಪಿದಾಗ ಅವನು ತನ್ನ ಅಂಗೈಗಳನ್ನು ಬಿಡಿಸಿ, ಅವು ಬೇರೆ ಯಾರದೋ ಎನ್ನುವಂತೆ ನೋಡಿಕೊಂಡ.

ಅವನು ಮೂರನೆಯವನಾದ. ಎರಡನೇ ಸ್ಥಾನ ಮನು ಎಂಬ ಕ್ಯಾಡಿಗೆ ಒಂದೇ ಏಟಿನ ಅಂತರದಲ್ಲಿ ಹೋಯಿತು.

ಗೆದ್ದೆ... ನಾನು ಗೆದ್ದೆ ಅಣ್ಣ!

ಆದರೆ ಬಸ್ಸಿನಲ್ಲಿ ಕುಳಿತ ಭಾನುವಿಗೆ ಅವನು ಅಂಗೈ ನೋಡಿಕೊಂಡದ್ದೇ ಕಣ್ಣಮುಂದೆ ಬರುತ್ತಿತ್ತು. ಖುಷಿ ಈಗ ಬರುತ್ತದೆ, ಇನ್ನೇನು ಬರುತ್ತದೆ ಎಂದು ಕಾದಳು. ಬರಲಿಲ್ಲ. ಅಣ್ಣನಿಗೆ ಹೇಳಿದರೆ ಬರಬಹುದು ಎನ್ನಿಸಿ, ಮರುದಿನವೇ ರಾಮನಗರದಲ್ಲಿ ಬಸ್ಸು ಬದಲಿಸಿ ಕನಕಪುರಕ್ಕೆ ಹೊರಟಳು.

ಅನಂತರಾಜು ಈಗ ಅದೇ ಗಣಿಯಲ್ಲಿ ಗೇಟು ಕಾಯುತ್ತಿದ್ದ. ತಂಗಿಯನ್ನು ಕಂಡು ಖುಷಿಯಾಗಿ ಟೀ ತರಿಸಿದ. ಅವಳು ಒಂದೇ ಉಸಿರಿನಲ್ಲಿ ಎಲ್ಲ ಹೇಳಿದಳು. ಹಲಗೆ, ಬೆಂಕಿಕಡ್ಡಿ, ತಪ್ಪಿದ ನಾಲ್ಕು ಏಟು. ಹೇಳುತ್ತಾ ಹೋದಂತೆ ಅಣ್ಣನ ಮುಖ ಬಿಳಿಚಿಕೊಂಡಿತು. ಎಡಗೈಯಲ್ಲಿದ್ದ ಲೋಟ ಕೆಳಗಿಟ್ಟ.

"ಏನ್ ಮಾಡ್ಬುಟ್ಟೆ ಭಾನು ನೀನು..."

"ನಿನ್ನ ಮೇಲೆ ಸುಳ್ಳು ಹೇಳಿದ್ದಕ್ಕೆ ಅವನಿಗೆ ಅಷ್ಟೂ ಆಗ್ಬಾರ್ದಾ?"

"ಅವನು ಸುಳ್ಳು ಹೇಳ್ಲಿಲ್ಲ."

ಗಣಿಯೊಳಗೆ ಕಲ್ಲು ಕೊರೆಯುವ ಯಂತ್ರ ಕಿರುಚುತ್ತಿತ್ತು. ಅವನು ಅದು ನಿಲ್ಲುವವರೆಗೂ ಕಾದ. ಆಮೇಲೆ ತಲೆ ಎತ್ತದೆ ಹೇಳಿದ.

"ವಾಚು ನಾನೇ ಎತ್ಕೊಂಡಿದ್ದು. ಯಾಕೆ ಅಂತ ಇವತ್ತಿಗೂ ಗೊತ್ತಿಲ್ಲ. ಚೀಲದ ಮೇಲಿತ್ತು, ಹೊಳೀತಿತ್ತು, ಜೇಬಿಗೆ ಹಾಕ್ಕೊಂಡೆ. ಜಯ ನೋಡ್ದ. ವಾಪಸ್ ಇಟ್ಬುಡು, ಯಾರಿಗೂ ಗೊತ್ತಾಗಾಕಿಲ್ಲ ಅಂತ ಎರಡು ದಿನ ನನ್ನ ಬೇಡ್ಕೊಂಡ. ನಾನು ಇಡ್ಲಿಲ್ಲ."

ಮೂರನೇ ದಿನ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಕೇಳಿದಾಗ ಜಯಕುಮಾರ ಕಂಡದ್ದನ್ನು ಹೇಳಿದ್ದ. ಅನಂತರಾಜುವಿನ ಊಟದ ಚೀಲದಲ್ಲಿ ವಾಚು ಸಿಕ್ಕಿತು, ಆದರೂ ಅನಂತರಾಜು ಒಪ್ಪಿಕೊಳ್ಳಲಿಲ್ಲ. ಪೊಲೀಸರನ್ನು ಕರೆಯಲು ಫೋನು ಎತ್ತಿದಾಗ ಅಡ್ಡ ಬಂದವನೂ ಜಯಕುಮಾರನೇ. ವಾಚು ಸಿಕ್ಕಿತಲ್ಲ, ಜೈಲಿಗೆ ಹೋದರೆ ಇವನ ಬದುಕು ಹೋಗುತ್ತದೆ ಎಂದು ಕೈಮುಗಿದು ನಿಂತಿದ್ದ. ಕಳ್ಳನ ಪರ ನಿಂತವನನ್ನು ಕ್ಲಬ್ಬಿನ ಹೆಸರಿನಲ್ಲಿ ಪಂದ್ಯಕ್ಕೆ ಕಳಿಸುವುದಿಲ್ಲ ಎಂದಿತು ಸಮಿತಿ. ಮೇ ತಿಂಗಳ ಆಯ್ಕೆಗೆ ಬರೆದುಕೊಂಡ ಪಟ್ಟಿಯಲ್ಲಿ ಆ ವರ್ಷ ಅವನದೇ ಮೊದಲ ಹೆಸರು. ನನ್ನ ಹೆಸರು ತೆಗೆದುಹಾಕಿ, ಆದರೆ ಇವನನ್ನು ಬಿಡಿ ಎಂದಿದ್ದ ಜಯಕುಮಾರ.

"ಅವ್ವನ ಮುಂದೆ, ನಿನ್ನ ಮುಂದೆ ಕಳ್ಳ ಅನ್ನಿಸ್ಕೊಳ್ಳೋಕೆ ಆಗ್ಲಿಲ್ಲ ನನಗೆ," ಎಂದು ಅನಂತರಾಜು ಅತ್ತುಬಿಟ್ಟ.

ಭಾನು ಅಳಲಿಲ್ಲ. ಕಲ್ಲಾಗಿ ಕುಳಿತಳು. ನನ್ನ ಅಣ್ಣನಿಗಾಗಿ ಒಂದು ವರ್ಷ ಬಿಟ್ಟುಕೊಟ್ಟವನಿಂದ ನಾನು ಇನ್ನೊಂದು ವರ್ಷ ಕಿತ್ತುಕೊಂಡೆ... ಈಗ ಯಾರ ಮೇಲೆ ಸೇಡು ತೀರಿಸಿಕೊಳ್ಳಲಿ?

ಮರುದಿನ ಬೆಳಗಿನ ಬಸ್ಸಿಗೆ ಮಾಗಡಿಗೆ ಹೋಗಿ, ಅಲ್ಲಿಂದ ಕಲ್ಯಕ್ಕೆ ಹೋದಳು. ಕೈಚೀಲದಲ್ಲಿ ಕಾರ್ಖಾನೆಯ ಉಕ್ಕಿನ ಅಳತೆಪಟ್ಟಿ ಇತ್ತು. ಜಯಕುಮಾರನ ತಾಯಿ ಚಿನ್ನಮ್ಮ ಜಗಲಿಯಲ್ಲಿ ರಾಗಿ ಕೇರುತ್ತಿದ್ದಳು. ಬಾರವ್ವ ಎಂದು ಕರೆದು ಕೂರಿಸಿ, ನೀರು ಕೊಟ್ಟು, ಮಗನ ಸುದ್ದಿ ಹೇಳಿಕೊಂಡಳು. ಸೋತು ಬಂದಾಗಿನಿಂದ ಊಟಕ್ಕೂ ಸರಿಯಾಗಿ ಏಳುತ್ತಿಲ್ಲವಂತೆ. ಹಿತ್ತಲಿನಲ್ಲಿ ಆ ಹಲಗೆ ಬಿಟ್ಟು ಕದಲುತ್ತಿಲ್ಲವಂತೆ.

ಭಾನು ಹಿತ್ತಲಿಗೆ ಹೋದಳು. ಅವನು ಬೆನ್ನು ಬಾಗಿಸಿ ನಿಂತಿದ್ದ. ಕೆಂಪು ಹಳದಿ ಕೋಲುಗಳ ನಡುವೆ ಒಂದು ಚೆಂಡು ಉರುಳಿತು. ಇನ್ನೊಂದು. ಮತ್ತೊಂದು. ಸೋಲು ತಂದ ಆ ಹಲಗೆಯ ಮುಂದೆಯೇ ನಿಂತು, ಸೋಲು ಸರಿಮಾಡಿಕೊಳ್ಳಲು ಮೊದಲಿಗಿಂತ ಎರಡು ಪಟ್ಟು ದುಡಿಯುತ್ತಿದ್ದ.

ಅವಳನ್ನು ಕಂಡು ಅವನ ಮುಖ ಬೆಳಗಿತು. ಏನು ಬಂದಿರಿ ಎಂದು ಕೇಳುವ ಮೊದಲೇ ಅವಳು ಕುಕ್ಕರಗಾಲಿನಲ್ಲಿ ಕುಳಿತು, ಹಲಗೆಯ ಅಂಚಿಗೆ ಉಕ್ಕಿನ ಪಟ್ಟಿ ಇಟ್ಟಳು. ಆ ತುದಿಯಲ್ಲಿ ಕೋಲು ಪಟ್ಟಿಯ ಕಡೆಗೆ ಬಾಗಿ ಬಂದದ್ದು ಈಗ ಎದ್ದು ಕಂಡಿತು.

"ಇದು ಸೊಟ್ಟ. ಗೊತ್ತಿಲ್ದೆ ಆಗಿದ್ದಲ್ಲ. ಬೇಕು ಅಂತ್ಲೇ ಮಾಡ್ದೆ. ನಾನು ಅನಂತರಾಜು ತಂಗಿ."

ಅವನು ಪಟ್ಟಿಯನ್ನು ನೋಡಿದ. ಕೋಲನ್ನು ನೋಡಿದ. ಅವಳನ್ನು ನೋಡಿದ. ಅಷ್ಟು ಹೊತ್ತೂ ಕೈಯಲ್ಲಿದ್ದ ಚೆಂಡನ್ನು ತಿರುಗಿಸುತ್ತಲೇ ಇದ್ದ.

"ದಿನಾ ಇದನ್ನ ಒರೆಸಿ, ನನ್ನ ಒಳ್ಳೆ ಟವೆಲ್‌ನಾಗೆ ಸುತ್ತಿ ಇಡ್ತಿದ್ದೆ," ಎಂದ ಕೊನೆಗೆ.

ಅವನು ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು. ನಿನ್ನೆಯವರೆಗೂ ನಿಜ ಗೊತ್ತಿರಲಿಲ್ಲ ಎಂದು ಹೇಳಲು ಹೊರಟಳು. ಆ ಮಾತು ಅವಳಿಗೇ ಚಿಕ್ಕದಾಗಿ ಕಂಡು ಬಾಯಲ್ಲೇ ನಿಂತಿತು.

"ಹೋಗ್ಬುಡಿ," ಎಂದ ಅವನು. "ನನಗೂ ಸೇಡು ಬರೋಕೆ ಮುಂಚೆ ಹೋಗ್ಬುಡಿ."

ಭಾನು ಹೋದಳು. ಆದರೆ ಮನೆಗೆ ಹೋಗಲಿಲ್ಲ, ಮತ್ತೆ ಕನಕಪುರಕ್ಕೆ ಅಣ್ಣನ ಹತ್ತಿರ ಹೋದಳು.

ಎರಡು ದಿನ ಬಿಟ್ಟು ಅವಳು ಅಣ್ಣನನ್ನು ಕರೆದುಕೊಂಡು ಕ್ಲಬ್ಬಿಗೆ ಬಂದಳು. ಅವ್ವನನ್ನೂ ಕರೆತಂದಳು. ನಂಜುಂಡಯ್ಯ ಮತ್ತು ಅಷ್ಟೂ ಕ್ಯಾಡಿಗಳ ಎದುರಿಗೆ ಅನಂತರಾಜು ತಾನೇ ಕದ್ದದ್ದು ಎಂದು ಒಪ್ಪಿಕೊಂಡ. ಕೇಳುತ್ತಾ ನಿಂತ ವೆಂಕಟಲಕ್ಷ್ಮಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಆಮೇಲೆ ಭಾನು ತಾನು ಮಾಡಿದ್ದನ್ನು ಒಂದೂ ಬಿಡದೆ ಹೇಳಿದಳು. ಜಯಕುಮಾರನಿಗೆ ಇನ್ನೊಂದು ಅವಕಾಶ ಕೊಡಿ, ನನಗೆ ಏನು ಶಿಕ್ಷೆ ಕೊಟ್ಟರೂ ಸರಿ ಎಂದಳು.

ನಂಜುಂಡಯ್ಯನ ಸಿಟ್ಟು ನೆತ್ತಿಗೇರಿತು. ಇಂಥವಳು ಮಾಡಿದ ಅರವತ್ತು ಹಲಗೆಗಳನ್ನು ನಂಬುವುದು ಹೇಗೆ ಎಂದು ಕೂಗಾಡಿದ. ಸುದ್ದಿ ಬಿಡದಿಯ ಕಾರ್ಖಾನೆಗೂ ಹೋಯಿತು, ಹಾಜಿರಾಳ ಕಿವಿಗೂ ಬಿತ್ತು. ಹಾಜಿರಾ ಬಂದು ಅರವತ್ತನ್ನೂ ಗಾಜಿನ ಮೇಲಿಟ್ಟು, ಒಂದೊಂದಕ್ಕೂ ಪಟ್ಟಿ ಹಿಡಿದು ತೋರಿಸಿದಳು. ಒಂದೂ ಕೂದಲೆಳೆಯಷ್ಟು ಸೊಟ್ಟ ಇರಲಿಲ್ಲ. ವಾಪಸು ಬರುವಾಗ ದಾರಿಯುದ್ದಕ್ಕೂ ಭಾನುವನ್ನು ಬೈದಳು. ನಲವತ್ತು ವರ್ಷ ಈ ಕಸುಬಿನಲ್ಲಿದ್ದೇನೆ, ನನ್ನ ಲೇತಿನ ಮೇಲೆ ಯಾರೂ ದ್ವೇಷ ಕಡೆದಿರಲಿಲ್ಲ ಎಂದಳು. ಕೆಲಸ ಬಿಟ್ಟು ಹೋಗಲೇ ಎಂದು ಕೇಳಿದ್ದಕ್ಕೆ ಇನ್ನೂ ಜೋರಾಗಿ ಬೈದಳು.

ಇನ್ನೊಮ್ಮೆ ಆಡಿಸಬೇಕಾದರೆ ಎರಡನೇ ಸ್ಥಾನ ಗೆದ್ದ ಮನು ಒಪ್ಪಬೇಕಿತ್ತು. ಒಪ್ಪುತ್ತಾನೆಂದು ಯಾರೂ ಎಣಿಸಿರಲಿಲ್ಲ. ಮನು ಒಂದು ದಿನ ಯೋಚಿಸಿ ಬಂದ.

"ಸೋತ್ರೆ ಸೋಲ್ತೀನಿ. ಸೊಟ್ಟ ಹಲಗೆಯಿಂದ ಗೆದ್ದ ಅಂತ ಜೀವಮಾನ ಅನ್ನಿಸ್ಕೊಳ್ಳಾಕೆ ನನಗಾಗಾಕಿಲ್ಲ."

ಹದಿನೈದು ದಿನ ಬಿಟ್ಟು ಇಬ್ಬರಿಗೂ ಪಂದ್ಯ ಎಂದು ತೀರ್ಮಾನವಾಯಿತು.

ಕೈ ಕಲಿತದ್ದನ್ನು ಮರೆಸಲು ಹದಿನೈದು ದಿನ... ಸಾಕಾಗುತ್ತದಾ? ಭಾನು ಹೊಸ ಹಲಗೆ ಮಾಡಿದಳು. ಬಣ್ಣ ಹಾಕುವ ಮೊದಲು ಏಳು ಸಲ ಅಳೆದಳು. ಅದರ ಜೊತೆಗೆ ಗಾರೆಯವರ ಹೊಸ ಸುಣ್ಣದ ದಾರ, ನಿಜವಾದ ಕುಳಿಗಿಂತ ಕಿರಿದಾದ ಒಂದು ಮರದ ಬಳೆ ಕಟ್ಟಿಟ್ಟಳು. ಕಿರಿದರೊಳಗೆ ಹಾಕಿ ಅಭ್ಯಾಸವಾದರೆ ಪಂದ್ಯದ ದಿನ ಕುಳಿ ಬಾವಿಯಷ್ಟು ಅಗಲ ಕಾಣುತ್ತದೆ ಎಂದು ಹಿಂದೆ ಅವನೇ ಹೇಳಿದ್ದ. ಎಲ್ಲವನ್ನೂ ಕಲ್ಯಕ್ಕೆ ತೆಗೆದುಕೊಂಡು ಹೋಗಿ ಚಿನ್ನಮ್ಮನ ಕೈಗೆ ಕೊಟ್ಟಳು.

"ಅವ್ನು ಮುಟ್ಟಾಕಿಲ್ಲ ಕಣವ್ವ," ಎಂದಳು ಚಿನ್ನಮ್ಮ. ಅವಳ ಮುಖದಲ್ಲೂ ಸಿಟ್ಟಿತ್ತು. ಆದರೂ ಗಂಟನ್ನು ಇಸಿದುಕೊಂಡಳು. "ಒಳಗಿಟ್ಟಿರ್ತೀನಿ. ನೀ ಮತ್ತೆ ಬರ್ಬ್ಯಾಡ."

ಅವನು ಮುಟ್ಟಲಿಲ್ಲ. ಎರಡು ಮೊಳೆ ಹೊಡೆದು, ನಡುವೆ ಹೊಲಿಗೆ ದಾರ ಎಳೆದು, ಅದರ ಕೆಳಗೆ ಚೆಂಡು ಉರುಳಿಸಿ ಅಭ್ಯಾಸ ಮಾಡಿದ. ಮೊದಲ ವಾರ ಕೈ ಎಡಕ್ಕೇ ಹೋಗುತ್ತಿತ್ತಂತೆ. ಹತ್ತನೇ ದಿನ ನಿಧಾನಕ್ಕೆ ದಾರಿಗೆ ಬಂತಂತೆ. ಇದೆಲ್ಲ ಭಾನುವಿಗೆ ತಿಳಿದದ್ದು ಎಷ್ಟೋ ದಿನದ ಮೇಲೆ.

ಪಂದ್ಯದ ಬೆಳಿಗ್ಗೆ ಅವಳು ಬೇಲಿಯ ಆಚೆ ನಿಂತಳು. ಒಳಗೆ ಬರುವ ಮುಖ ಅವಳಿಗಿರಲಿಲ್ಲ. ಹದಿನೆಂಟು ಕುಳಿಗಳಲ್ಲಿ ಹದಿನಾರನೆಯದರವರೆಗೆ ಇಬ್ಬರೂ ಸಮ. ಹದಿನೇಳರಲ್ಲಿ ಮನುವಿನ ಚೆಂಡು ಅಡ್ಡಿಗೆಂದೇ ತೋಡಿದ ಮರಳುಗುಂಡಿಗೆ ಬಿತ್ತು. ಜಯಕುಮಾರನ ಚೆಂಡು ಕುಳಿಯಿಂದ ನಾಲ್ಕಡಿ ದೂರದಲ್ಲಿತ್ತು. ಅವನು ಬಾಗಿದ. ಭಾನು ಬೇಲಿಯ ತಂತಿ ಹಿಡಿದು ಕಣ್ಣು ಮುಚ್ಚಿಕೊಂಡಳು. ಕಣ್ಣು ತೆರೆದಾಗ ಚೆಂಡು ಹುಲ್ಲಿನ ಮೇಲೆ ಇರಲಿಲ್ಲ. ಅವನು ಕುಳಿಯೊಳಗೆ ಕೈ ಹಾಕಿ ಅದನ್ನು ತೆಗೆಯುತ್ತಿದ್ದ.

ಎರಡು ಏಟಿನಿಂದ ಗೆದ್ದ. ಮನು ಅವನನ್ನು ತಬ್ಬಿಕೊಂಡ.

ಎಲ್ಲ ಮುಗಿಸಿ ಬರುವಾಗ ಜಯಕುಮಾರ ಬೇಲಿಯ ಪಕ್ಕದಲ್ಲೇ ನಡೆದು ಬಂದ. ಅವಳಿಗೂ ಅವನಿಗೂ ನಡುವೆ ಎರಡು ಮಾರು ಜಾಗ ಇದ್ದಿರಬಹುದು. ಅವಳ ಕಡೆ ತಿರುಗಿಯೂ ನೋಡದೆ ಹೊರಟುಹೋದ.

ಇದು ಅವನ ಸೇಡು... ಇದು ನನಗೆ ಸಲ್ಲಬೇಕಾದದ್ದೇ.

ಅವಳು ಕೆಲಸಕ್ಕೆ ಮರಳಿದಳು. ಗಿಲಕಿ, ಬುಗುರಿ, ತೊಟ್ಟಿಲಿನ ಗೊಂಬೆ. ಅಣ್ಣ ಮನೆಗೆ ಬಂದಿದ್ದ. ಅವ್ವ ಮೊದಲೆರಡು ದಿನ ಅವನ ಜೊತೆ ಮಾತಾಡಲಿಲ್ಲ, ಮೂರನೇ ದಿನ ತಟ್ಟೆಗೆ ಮುದ್ದೆ ಇಟ್ಟು ಪಕ್ಕದಲ್ಲಿ ಕುಳಿತಳು. ಮನೆಯಲ್ಲಿ ಒಂದು ಬಗೆಯ ನೆಮ್ಮದಿ ಬಂತು. ಭಾನುವಿಗೆ ಮಾತ್ರ ಬರಲಿಲ್ಲ. ರಸ್ತೆಯಲ್ಲಿ ಟೋಪಿ ಹಾಕಿದವರು ಕಂಡರೆ ಎದೆ ಜಿಗಿಯುತ್ತಿತ್ತು. ಅವನನ್ನು ಪ್ರೀತಿಸುತ್ತಿದ್ದೇನೆ ಎಂದು ತನಗೆ ತಾನೇ ಒಪ್ಪಿಕೊಂಡದ್ದು ಆಗಲೇ. ಒಪ್ಪಿಕೊಂಡು ಏನು ಬಂತು?

ಹನ್ನೊಂದನೇ ದಿನ ಮಧ್ಯಾಹ್ನ ಅವಳು ಲೇತಿನ ಮೇಲೆ ಬಾಗಿದ್ದಾಗ ಬಾಗಿಲಲ್ಲಿ ನೆರಳು ಬಿತ್ತು. ತಲೆ ಎತ್ತಿದಳು. ಉಳಿ ಕೆಳಗಿಟ್ಟು ಲೇತು ನಿಲ್ಲಿಸಿದಳು.

ಜಯಕುಮಾರ ಒಳಗೆ ಬಂದು ಹಾಜಿರಾಗೆ ಕೈ ಮುಗಿದ. ಹಾಜಿರಾ ಇಬ್ಬರನ್ನೂ ಒಮ್ಮೆ ನೋಡಿ, ಟೀ ತರುತ್ತೇನೆಂದು ತಾನೇ ಎದ್ದು ಹೊರಗೆ ಹೋದಳು.

ಅವನು ಮರದ ಹೊಟ್ಟಿನ ರಾಶಿಯ ಪಕ್ಕದ ಸ್ಟೂಲಿನ ಮೇಲೆ ಕುಳಿತ.

"ನಾನು ಮರ್ತಿಲ್ಲ," ಎಂದ.

"ಮರೀಬೇಡಿ," ಎಂದಳು ಅವಳು. ದನಿ ಒಡೆಯಿತು. "ಮರ್ತು ಕ್ಷಮಿಸಿ ಅಂತ ಕೇಳೋ ಯೋಗ್ಯತೆ ನನಗಿಲ್ಲ."

"ಗೆದ್ದು, ನಿಮ್ಮ ಕಡೆ ನೋಡ್ದಂಗೆ ಹೋಗ್ಬೇಕು ಅಂತ ಹದಿನೈದು ದಿನ ಅಂದ್ಕೊಂಡಿದ್ದೆ. ಹಂಗೇ ಹೋದೆ. ಬಸ್‌ಸ್ಟಾಂಡ್ ತಂಕ ಭಾರಿ ಖುಷಿಯಾಗಿತ್ತು. ಆಮೇಲೆ ಇರ್ಲಿಲ್ಲ."

ಅವಳಿಗೆ ಆ ಬಸ್ಸಿನ ಪ್ರಯಾಣ ಚೆನ್ನಾಗಿ ಗೊತ್ತಿತ್ತು. ಕಣ್ಣೊರೆಸಿಕೊಂಡಳು.

ಆಗಸ್ಟಿನಲ್ಲಿ ಹೊರಡುತ್ತಿದ್ದೇನೆ, ಅಭ್ಯಾಸಕ್ಕೆ ಒಂದು ಹಲಗೆ ಬೇಕಿತ್ತು ಎಂದ ಅವನು. ನಿಮ್ಮ ಅಮ್ಮನ ಹತ್ತಿರ ಕೊಟ್ಟಿದ್ದೆನಲ್ಲ, ಅದು ನೇರವಾಗಿದೆ, ಬೇಕಾದರೆ ಅಳೆದು ನೋಡಿ ಎಂದಳು ಭಾನು.

"ಅಳೆದೆ. ನೇರ ಐತೆ. ಆದ್ರೆ ನನಗೆ ಅದು ಬ್ಯಾಡ."

"ಯಾಕೆ?"

"ಮೊದಲ್ನೇದು ನೀವು ಸೇಡಿಗೆ ಮಾಡಿದ್ರಿ. ಎರಡ್ನೇದು ತಪ್ಪಾಯ್ತು ಅಂತ ಮಾಡಿದ್ರಿ. ನನಗೆ ಅಂತ ಒಂದೂ ಮಾಡ್ಲಿಲ್ವಲ್ಲ ಭಾನು..."

ಅವಳ ಹೆಸರನ್ನು ಅವನು ಹಾಗೆ ಕರೆದದ್ದು ಅದೇ ಮೊದಲು. ಅವಳು ಮುಖ ಮುಚ್ಚಿಕೊಂಡು ಅತ್ತಳು. ಅವನು ಎದ್ದು ಬಂದು, ಏನು ಮಾಡಬೇಕೆಂದು ತೋಚದೆ, ಅವಳ ಕೂದಲಿಗೆ ಅಂಟಿದ್ದ ಮರದ ಹೊಟ್ಟನ್ನು ಒಂದೊಂದಾಗಿ ತೆಗೆದ.

ಸ್ವಲ್ಪ ಹೊತ್ತಿಗೆ ಅವಳು ಎದ್ದು ಒಂದು ಮರದ ತುಂಡು ಆರಿಸಿಕೊಂಡಳು. ಲೇತಿಗೆ ಸಿಕ್ಕಿಸಿದಳು.

"ಎಷ್ಟೊತ್ತಾಯ್ತದೆ?" ಎಂದು ಕೇಳಿದ.

"ಸಂಜೆ ಆಗ್ಬೋದು."

"ಆಗ್ಲಿ. ಕೂತಿರ್ತೀನಿ."

"ಕೊನೇ ಬಸ್ ಹೋಗ್ಬುಡ್ತದೆ ನಿಮಗೆ."

"ನಿಮಗೆ ಅನ್ಬ್ಯಾಡ," ಎಂದ ಅವನು. "ನಿನಗೆ ಅನ್ನು."

ಅವಳು ಉಳಿ ಕೈಗೆತ್ತಿಕೊಂಡು, ಅವನನ್ನು ನೋಡಿ, ಒದ್ದೆ ಕಣ್ಣಲ್ಲೇ ನಕ್ಕಳು.

"ಒಸಿ ಹಿಂದಕ್ಕೆ ಕೂತ್ಕೋ. ಹೊಟ್ಟು ಹಾರ್ತದೆ ನಿನಗೆ."